ಮುನಿವೆಂಕಟಪ್ಪನವರು ‘ಬರ್ತೀನಿ’ ಅಂದದ್ದು

ಕುರುಬರಹಳ್ಳಿಯ ಮುನಿವೆಂಕಟಪ್ಪನವರು ತಮ್ಮ ಐವತ್ತೆರಡು ವರ್ಷದ ಬಾಳಿನಲ್ಲಿ ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರಲ್ಲ. ಇದನ್ನು ಅವರೇ ಹೇಳುತ್ತಿದ್ದರು. ಬೇರೆ ಯಾರಾದರೂ ಹೇಳಲಿ ಎಂದು ಕಾಯುವಷ್ಟು ಸಂಕೋಚ ಅವರಿಗಿರಲಿಲ್ಲ.

ಅವರ ರಾಗಿ ಹೊಲ ರಾಜಾಜಿನಗರದ ಹೊಸ ಬಡಾವಣೆಗೆ ಹೋಗಿ ಆಗಲೇ ಐದಾರು ವರ್ಷವಾಗಿತ್ತು. ಕಾಗದದ ಮೇಲೆ ಹೊಲ ಹೋಗಿತ್ತು, ಯಜಮಾನಿಕೆ ಹೋಗಿರಲಿಲ್ಲ. ದಿನಾ ಸಂಜೆ ಕರಿ ಕೋಟು ತೊಟ್ಟು, ಮಳೆಯಿರಲಿ ಬಿಡಲಿ ಕೊಡೆ ಹಿಡಿದು, ಬಡಾವಣೆಯ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಬರುವರು. ಹೊಸದಾಗಿ ಗೃಹಪ್ರವೇಶ ಮಾಡಿದವರ ಮನೆಗೆ ನುಗ್ಗಿ, “ನಿಮ್ ದೇವ್ರ ಮನೆ ಐತಲ್ಲ, ಅಲ್ಲೇ ನಮ್ ಕಣ ಇದ್ದಿದ್ದು. ನೀವ್ ಮಲಗೋ ಜಾಗದಲ್ಲಿ ಹುಣಿಸೇಮರ” ಎಂದು ತಿಳಿಸಿ, ಒಂದು ಲೋಟ ಕಾಫಿಯನ್ನು ಕಂದಾಯದಂತೆ ವಸೂಲು ಮಾಡಿ ಹೊರಡುವರು. ಹೊರಡುವಾಗ ಬಾಗಿಲಲ್ಲಿ ನಿಂತು, ಮೈಸೂರಿನ ಅರಮನೆಯಲ್ಲಿ ಹೇಳಿಕೊಟ್ಟ ಗತ್ತಿನಲ್ಲಿ, “ನಾನು ಬರ್ತೀನಿ” ಅನ್ನುವರು.

ಹೊರಡುವವರು ‘ಹೋಗ್ತೀನಿ’ ಅನ್ನಬಾರದು, ಅದು ಸಾವಿನ ಮಾತು. ‘ಬರ್ತೀನಿ’ ಅನ್ನಬೇಕು. ಇದು ನಮ್ಮಲ್ಲಿ ಹಸುಳೆಗೂ ಗೊತ್ತು. ಆದರೆ ಈ ಶುಭದ ಮಾತೇ ಮುನಿವೆಂಕಟಪ್ಪನವರನ್ನು ಲಂಕೆಯ ದಾರಿಗೆ ಎಳೆದು ಹಾಕಿತು.

ಐವತ್ತೈದನೇ ಇಸವಿಯ ಸಂಕ್ರಾಂತಿ ಕಳೆದ ಮೇಲಿನ ಮಾತು. ಬಡಾವಣೆಯ ವಾಚನಾಲಯದಲ್ಲಿ ಪದ್ಮನಾಭ ಎಂಬವರು ಒಂದು ಸಭೆ ಕರೆದಿದ್ದರು. ಯಾವುದೋ ಕಾರ್ಖಾನೆಯಲ್ಲಿ ಗುಮಾಸ್ತರು. ಅವರ ಅಣ್ಣ ಸಿಲೋನಿನ ಕ್ಯಾಂಡಿ ಎಂಬ ಊರಿನಲ್ಲಿ ಅಂಗಡಿ ಇಟ್ಟಿದ್ದ. ಅಲ್ಲಿಂದ ಬಣ್ಣದ ಕಾರ್ಡುಗಳು ಬರುತ್ತಿದ್ದವು: ಟೀ ತೋಟದ ಹಸಿರು ಬೆಟ್ಟ, ಕೆರೆಯಲ್ಲಿ ಅಂಗಾತ ಮಲಗಿ ಮೈ ತಿಕ್ಕಿಸಿಕೊಳ್ಳುವ ಆನೆ, ತೆಂಗಿನ ಮರ ಬಾಗಿ ಕುಡಿಯುತ್ತಿರುವ ಹಾಗೆ ಕಾಣುವ ಸಮುದ್ರ. “ಹದಿನೈದು ದಿನದ ಸುಖಪ್ರವಾಸ. ಊಟ ವಸತಿ ನಮ್ಮಣ್ಣನ ಮನೇಲಿ. ಧನುಷ್ಕೋಟಿವರೆಗೆ ರೈಲು, ಅಲ್ಲಿಂದ ಎರಡೇ ಗಂಟೆ ಹಡಗು” ಎಂದು ಪದ್ಮನಾಭ ಮುಕ್ಕಾಲು ಗಂಟೆ ವರ್ಣಿಸಿದರು. ಮುಂದಿನ ಸಾಲಿನಲ್ಲಿ ಮುನಿವೆಂಕಟಪ್ಪನವರು ಮೊದಲ ಹತ್ತು ನಿಮಿಷ ಕೇಳಿ, ಉಳಿದದ್ದನ್ನು ನಿದ್ದೆಗೆ ಒಪ್ಪಿಸಿದ್ದರು.

ಪದ್ಮನಾಭ ಕೊನೆಗೆ ಪುಸ್ತಕ ತೆರೆದು, ಪೆನ್ನು ಬಿಚ್ಚಿ, “ಮೊದಲ ಹೆಸರು ಯಾರ್ದು? ಯಾರು ಬರ್ತೀರಾ?” ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಆ ಮೌನಕ್ಕೆ ಮುನಿವೆಂಕಟಪ್ಪನವರಿಗೆ ಎಚ್ಚರವಾಯಿತು. ಸಭೆ ಮುಗಿಯಿತು ಎಂದುಕೊಂಡು ಎದ್ದರು, ಕೋಟು ಕೊಡವಿದರು, ಕೊಡೆಯನ್ನು ನೆಲಕ್ಕೆ ಒಮ್ಮೆ ಕುಟ್ಟಿದರು.

“ನಾನು ಬರ್ತೀನಿ” ಅಂದರು.

ಚಪ್ಪಾಳೆ ಬಿತ್ತು. ಬೇರೆಯವರಾಗಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ತಾವು ಎದ್ದು ಹೊರಟರೆ ಜನ ಚಪ್ಪಾಳೆ ತಟ್ಟುವುದರಲ್ಲಿ ಮುನಿವೆಂಕಟಪ್ಪನವರಿಗೆ ಆಶ್ಚರ್ಯವೇನೂ ಕಾಣಲಿಲ್ಲ. ಕೈ ಮುಗಿದು ಮನೆಗೆ ಹೋಗಿ ಮುದ್ದೆ ಉಂಡರು.

ಮಾರನೆಯ ದಿನ ಊರ ಬಾಗಿಲಲ್ಲೇ ಜ್ಯೋತಿಷ್ಯದ ನಾರಾಯಣಪ್ಪ ಸಿಕ್ಕಿದ. “ಏನ್ ಗೌಡ್ರೇ, ಲಂಕೆಗೆ ಹೊಂಟ್ರಂತೆ! ಯಾರಿಗೂ ಧೈರ್ಯ ಬರ್ದೇ ಇದ್ದಾಗ ನೀವೇ ಎದ್ ನಿಂತ್ರಂತೆ! ನಿಮ್ಮಿಂದ ಇನ್ನೂ ನಾಕ್ ಜನ ಹೆಸ್ರು ಕೊಟ್ರಂತೆ!”

‘ಅಯ್ಯೋ, ನಾನಂದದ್ದು ಹೊರಡ್ತೀನಿ ಅಂತ’ ಎಂಬ ಮಾತು ಗಂಟಲವರೆಗೆ ಬಂದು, ಅಲ್ಲಿ ಮಾತು ಹಿಂದಕ್ಕೆ ತೆಗೆದುಕೊಳ್ಳದ ವಂಶವೆಲ್ಲ ಸಾಲಾಗಿ ಕೂತಿರುವುದನ್ನು ಕಂಡು ಹಿಂತಿರುಗಿತು. “ಹೂಂ. ನೋಡ್ಕೊಂಡ್ ಬರಾಣ ಅಂತ” ಅಂದರು.

ಇನ್ನು ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ಮುನಿವೆಂಕಟಪ್ಪನವರಿಗೆ ನೀರೆಂದರೆ ಪ್ರಾಣಭಯ.

ಎಂಟು ವರ್ಷದವರಿದ್ದಾಗ, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಗೆ ಬಿದ್ದಿದ್ದರು. ಎತ್ತು ಬಿಚ್ಚಿ ಮೇಯಲು ಬಿಟ್ಟಿದ್ದ ಹೊತ್ತು. ನೀರೆತ್ತುವ ಹಗ್ಗ ಬಾವಿಯೊಳಕ್ಕೆ ಇಳಿಬಿದ್ದಿತ್ತು. ಅದನ್ನು ಹಿಡಿದು, ಗದ್ದದವರೆಗೆ ನೀರಿನಲ್ಲಿ, ಮಧ್ಯಾಹ್ನವೆಲ್ಲ ನೇತಾಡಿದರು. ಮೇಲೆ ತಟ್ಟೆಯಗಲದ ಆಕಾಶ. ಕೂಗಿದರೆ ಕೂಗು ಕಲ್ಲಿಗೆ ಬಡಿದು ತಮಗೇ ವಾಪಸು ಬರುತ್ತಿತ್ತು. ಕೈ ಸ್ವಲ್ಪ ಜಾರಿದಾಗಲೆಲ್ಲ ನೀರು ತುಟಿಯವರೆಗೆ ಏರುತ್ತಿತ್ತು, ತಣ್ಣಗೆ, ಏನೂ ಆತುರವಿಲ್ಲದೆ. ಸಂಜೆ ಹೊಲದ ಆಳು ಬಂದು ಎತ್ತಿದ. ತನಗೆಲ್ಲಿ ಪೆಟ್ಟು ಬೀಳುತ್ತದೋ ಎಂದು ಬಾಯಿ ಮುಚ್ಚಿಸಿದ, ಬಾಯಿ ಮುಚ್ಚಿಯೇ ನಲವತ್ತನಾಲ್ಕು ವರ್ಷವಾಗಿತ್ತು. ಅಂದಿನಿಂದ ಅವರು ಯಾವ ಬಾವಿಗೂ ಎಂಟು ಮಾರಿಗಿಂತ ಹತ್ತಿರ ಬಂದವರಲ್ಲ. ಸ್ನಾನಕ್ಕೆ ತಲೆಯ ಮೇಲೆ ನೀರು ಹುಯ್ದುಕೊಳ್ಳುವಾಗಲೂ ಕಣ್ಣು ತೆರೆದೇ ಇರುತ್ತಿದ್ದರು. ಇಂಥವರು ಸಮುದ್ರ ದಾಟಬೇಕಾಗಿತ್ತು.

ಹೆಂಡತಿ ಬಿಡುವುದಿಲ್ಲ ಎಂಬುದೊಂದು ಆಸೆ. ಹೆಂಗಸು ಗೋಳಾಡಿ ಕಾಲು ಹಿಡಿದರೆ ಗಂಡಸು ಏನು ತಾನೇ ಮಾಡಿಯಾನು? ಆ ಸಂಜೆ ಅಕ್ಕಯ್ಯಮ್ಮ ರಾಗಿ ಕೇರುತ್ತಿದ್ದಾಗ ಎದುರು ಕೂತು, ಆದಷ್ಟು ಭಯಂಕರವಾಗಿ ಹೇಳಿದರು.

“ಸುತ್ತ ನೀರು ಕಣೇ. ಈ ಕಡೆ ನೀರು, ಆ ಕಡೆ ನೀರು. ದಡ ಕಾಣಾಕಿಲ್ಲ. ರಾವಣನ ಸೀಮೆ.”

ಅಕ್ಕಯ್ಯಮ್ಮನ ಕೈಯ ಮೊರ ನಿಂತಿತು. “ಯಾರೂ ಹೊರ್ಬೇಕಾಗಿಲ್ವಾ?”

“ಏನನ್ನ?”

“ಆ ನೀರ್ನ. ಸುಮ್ನೆ ನೋಡ್ತಾ ಕೂತಿರ್ಬೋದಾ?”

“ಅದನ್ಯಾರು ಹೊರ್ತಾರೆ? ಉಪ್ಪುನೀರು.”

ಹದಿನಾಲ್ಕನೆಯ ವಯಸ್ಸಿಗೆ ಆ ಮನೆಗೆ ಬಂದ ಹೆಂಗಸು. ಮೂವತ್ತು ವರ್ಷದಿಂದ ದಿನಕ್ಕೆ ಹದಿನೈದು ಬಿಂದಿಗೆ ನೀರು ಸೇದಿದವಳು. ಅವಳು ಕಂಡ ದೂರದ ಊರೆಂದರೆ ತಿರುಪತಿ. ಅವಳ ಮುಖದಲ್ಲಿ ಮದುವೆಯ ದಿನವೂ ಇರದಿದ್ದ ಒಂದು ಬೆಳಕು ಬಂತು.

“ನಾನೂ ಬರ್ತೀನಿ” ಅಂದಳು.

ಇದು ಯಾವ ‘ಬರ್ತೀನಿ’ ಎಂಬುದರಲ್ಲಿ ಏನೂ ಅನುಮಾನವಿರಲಿಲ್ಲ.

ಮರುದಿನವೇ ಅವಳು ಪದ್ಮನಾಭರ ಮನೆಗೆ ಹೋಗಿ ಅವರ ತಾಯಿ ಯಶೋದಮ್ಮನವರನ್ನು ಕಂಡು ಬಂದಳು. ಅವರೂ ಹೊರಟಿದ್ದರು. ಇಬ್ಬರೂ ಆನೆಯ ಕಾರ್ಡು ಹಿಡಿದು ಗಂಟೆಗಟ್ಟಲೆ ಮಾತಾಡಿದರಂತೆ. ಮನೆಯ ಗೋಡೆಗೆ, ದೇವರ ಪಟದ ಪಕ್ಕಕ್ಕೆ, ತೆಂಗಿನ ಮರ ಬಾಗಿದ ಸಮುದ್ರದ ಕಾರ್ಡು ಬಂದು ಅಂಟಿತು. ಮುನಿವೆಂಕಟಪ್ಪನವರು ಊಟಕ್ಕೆ ಕೂಡುವ ಜಾಗದ ಎದುರಿಗೇ. ಅವರು ಗೋಡೆಗೆ ಬೆನ್ನು ಮಾಡಿ ಊಟ ಮಾಡತೊಡಗಿದರು.

ಪಾಸ್‌ಪೋರ್ಟಿಗೆ ಅರ್ಜಿ ಹೋಯಿತು. ಸಿಗದಿರಲಿ ಎಂದು ಮುನೇಶ್ವರನಿಗೆ ಹರಕೆ ಹೊತ್ತರು, ಒಂದೂವರೆ ತಿಂಗಳಲ್ಲಿ ಬಂದುಬಿಟ್ಟಿತು. ಫೋಟೋದಲ್ಲಿ ಅವರ ಕಣ್ಣು ಆಗಲೇ ಮುಳುಗುತ್ತಿರುವವನ ಕಣ್ಣಿನಂತಿದ್ದರೂ ಅಧಿಕಾರಿಗಳು ಅದನ್ನು ಗಮನಿಸಿರಲಿಲ್ಲ. ಕಾಲರಾ ಸೂಜಿ ಚುಚ್ಚಿಸಿಕೊಂಡರು, ಸಿಡುಬು ಬರದಂತೆ ದೇವಿ ಹಾಕಿಸಿಕೊಂಡರು. ಜ್ವರ ಬರಬಹುದು ಎಂದು ಡಾಕ್ಟರು ಹೇಳಿದಾಗ ಮುಖ ಅರಳಿತು. ಜ್ವರ ಬಂದದ್ದು ಪದ್ಮನಾಭರಿಗೆ.

ನಾರಾಯಣಪ್ಪನ ಹತ್ತಿರ ಜಾತಕ ಹಿಡಿದು ಹೋದರು. “ನೋಡು, ಇದ್ದದ್ದು ಇದ್ದಂಗೆ ಹೇಳು. ಜಲಗಂಡ ಇದ್ರೆ ಜಲಗಂಡ ಅನ್ನು. ನಾನೇನ್ ಬೇಜಾರ್ ಮಾಡ್ಕೊಳಾಕಿಲ್ಲ.”

ನಾರಾಯಣಪ್ಪ ಮುನಿವೆಂಕಟಪ್ಪನವರನ್ನು ಮೂವತ್ತು ವರ್ಷದಿಂದ ಬಲ್ಲ. ಗೌಡರಿಗೆ ಏನು ಕೇಳಲು ಇಷ್ಟ ಎಂಬುದು ಅವನಿಗೆ ಬಾಯಿಪಾಠ. “ಜಲಗಂಡಾನಾ? ನಿಮಗಾ? ಜಲಯೋಗ ಗೌಡ್ರೇ! ಸಮುದ್ರರಾಜ ಕೈ ಮುಗ್ದು ದಾರಿ ಬಿಡ್ತಾನೆ!”

ಮುನಿವೆಂಕಟಪ್ಪನವರು ಅವನನ್ನು ಕೊಲ್ಲುವ ಹಾಗೆ ನೋಡಿದರು. ಅವನು ಅದನ್ನು ವೀರಾವೇಶ ಎಂದುಕೊಂಡ.

ಬರಬರುತ್ತ ಅವರಿಗೆ ಊಟ ಸೇರದಾಯಿತು. ನಲ್ಲಿಯ ಸದ್ದಿಗೆ ಬೆಚ್ಚುವರು. ಒಂದು ದಿನ ವಾಚನಾಲಯದಲ್ಲಿ ಇದ್ದಕ್ಕಿದ್ದಂತೆ, “ಅಲ್ರೀ, ಸಾಕ್ಷಾತ್ ಶ್ರೀರಾಮಚಂದ್ರನೇ ದೋಣಿ ಹತ್ಲಿಲ್ಲ. ಸೇತುವೆ ಕಟ್ಟಿಸ್ದ. ಆಂಜನೇಯಸ್ವಾಮಿ ಅಷ್ಟ್ ದೊಡ್ ದೇವ್ರು, ಹಾರ್ಕೊಂಡ್ ಹೋದ, ಕಾಲು ನೀರಿಗೆ ಇಟ್ನಾ? ಹಡಗು ಅಂತ ರಾಮಾಯಣದಲ್ಲಿ ಎಲ್ಲೈತೆ?” ಎಂದು ವಾದ ಹೂಡಿದರು. ಪದ್ಮನಾಭ, “ಗೌಡ್ರು ಎಂಥಾ ತಮಾಷೆ ಮನುಷ್ಯರು!” ಎಂದು ಹೊಟ್ಟೆ ಹಿಡಿದು ನಕ್ಕರು.

ಹೊರಡಲು ಹತ್ತು ದಿನವಿತ್ತು. ಮುನಿವೆಂಕಟಪ್ಪನವರು ಒಂದು ತೀರ್ಮಾನಕ್ಕೆ ಬಂದರು: ಭಯವನ್ನು ಮೊದಲು ಸಣ್ಣ ನೀರಿನಲ್ಲಿ ಪಳಗಿಸಿ, ಆಮೇಲೆ ದೊಡ್ಡ ನೀರಿಗೆ ಒಯ್ಯಬೇಕು. ಗುರುತಿನವರು ಇರದ ಜಾಗವಾಗಬೇಕು. ನಾಯಂಡಹಳ್ಳಿಯ ತನಕ ನಡೆದು, ಅಲ್ಲಿ ವೃಷಭಾವತಿ ಹೊಳೆಯ ಸೇತುವೆಯನ್ನು ಕಣ್ಣು ಮುಚ್ಚಿ ದಾಟಿ, ಮೈಸೂರು ರಸ್ತೆಯ ಬಸ್ಸು ಹಿಡಿದು ಕೆಂಗೇರಿ ಕೆರೆಗೆ ಹೋದರು. ಅಲ್ಲಿ ಮೀನು ಹಿಡಿಯುವ ಬೆಟ್ಟಯ್ಯನ ಹರಿಗೋಲು ದಡದಲ್ಲಿ ಬೋರಲು ಮಲಗಿತ್ತು.

“ಒಂದ್ ಸುತ್ತು ಕರ್ಕೊಂಡೋಗಪ್ಪ. ದಡದ್ ಪಕ್ಕದಲ್ಲೇ.”

ಬುಟ್ಟಿಗೆ ತೊಗಲು ಹೊದಿಸಿದಂಥ ಆ ಹರಿಗೋಲಿನಲ್ಲಿ ಕೋಟು, ಪೇಟ, ಕೊಡೆಯ ಸಮೇತ ಕೂತರು. ಬೆಟ್ಟಯ್ಯ ಒಂದು ಹುಟ್ಟು ಹಾಕಿದ. ಹರಿಗೋಲು ದಡ ಬಿಟ್ಟು ಮೆಲ್ಲಗೆ ಗಿರ್ರನೆ ತಿರುಗಿತು. ದಡ ಒಮ್ಮೆ ಎದುರಿಗೆ ಬಂತು, ಒಮ್ಮೆ ಬೆನ್ನ ಹಿಂದಕ್ಕೆ ಹೋಯಿತು. ಕಾಲ ಕೆಳಗಿನ ತೊಗಲು ನೀರಿನ ಒತ್ತಡಕ್ಕೆ ಉಬ್ಬಿ, ಏನೋ ಜೀವವಿದ್ದದ್ದು ಕೆಳಗಿನಿಂದ ಬೆನ್ನು ಉಜ್ಜಿದ ಹಾಗಾಯಿತು. ಮುನಿವೆಂಕಟಪ್ಪನವರಿಗೆ ತಟ್ಟೆಯಗಲದ ಆಕಾಶ ಕಂಡಿತು. ಹಗ್ಗ ಜಾರಿತು. ತುಟಿಗೆ ತಣ್ಣಗೆ ಏನೋ ತಗುಲಿತು.

“ಬರ್ತೀನಿ!” ಎಂದು ಚೀರಿದರು. “ನಾನು ಬರ್ತೀನಿ ಕಣಪ್ಪ! ಬರ್ತೀನಿ!”

ಮನೆಗಳಿಂದ ಬಿಡಿಸಿಕೊಂಡು ಹೊರಡಲು ಜೀವಮಾನವೆಲ್ಲ ಅವರು ಬಳಸಿದ್ದು ಅದೊಂದೇ ಮಾತು. ಪ್ರಾಣ ಹೋಗುವಾಗ ಬೇರೆ ಮಾತು ಎಲ್ಲಿಂದ ತರುವುದು?

ಬೆಟ್ಟಯ್ಯನಿಗೆ ಸಂತೋಷವಾಯಿತು. “ಬನ್ನಿ ಸ್ವಾಮಿ, ಬನ್ನಿ! ನಡೂಮಧ್ಯಕ್ಕೆ ಹೋಗಾಣ, ಅಲ್ಲಿ ಎರಡಾಳು ಆಳ, ತಾವರೆ ಚೆಂದಾಗೈತೆ” ಎಂದು ಬಿರುಸಾಗಿ ಹುಟ್ಟು ಹಾಕಿದ.

ದಡಕ್ಕೆ ತಂದು ಇಳಿಸಿದಾಗ ಮುನಿವೆಂಕಟಪ್ಪನವರ ಕೈಯಲ್ಲಿ ಕೊಡೆಯ ಹಿಡಿ ಮಾತ್ರ ಇತ್ತು. ಉಳಿದದ್ದು ಹೇಗೆ ಮುರಿಯಿತು ಎಂಬುದು ಇಬ್ಬರಿಗೂ ತಿಳಿಯಲಿಲ್ಲ. ಮೊಣಕಾಲೂರಿ ನೆಲ ಹಿಡಿದುಕೊಂಡು ಬಹಳ ಹೊತ್ತು ಕೂತರು. ಬೆಟ್ಟಯ್ಯ ಅವರ ಬೆನ್ನು ನೀವಿ, “ಭಯ ಆಯ್ತಾ ಸ್ವಾಮಿ? ಅಂಗಂತ ಒಂದ್ ಮಾತು ಹೇಳ್ಬಾರ್ದಾ?” ಅಂದ.

ಒಂದು ಮಾತು. ಬಸ್ಸಿನಲ್ಲಿ ವಾಪಸು ಬರುವಾಗ ಅದೇ ತಲೆಯಲ್ಲಿ ಸುತ್ತಿತು.

ತಾವು ಹಡಗು ಹತ್ತುವುದು ಆಗದ ಮಾತು ಎಂಬುದು ಖಚಿತವಾಯಿತು. ಹೊಟ್ಟೆನೋವು ಎಂದು ಮಲಗಬಹುದು. ಆದರೆ ಕಾಯಿಲೆಯ ಗಂಡನನ್ನು ಬಿಟ್ಟು ಅಕ್ಕಯ್ಯಮ್ಮ ಹೋಗುವವಳಲ್ಲ. ಕೋರ್ಟು ಕೆಲಸ ಅನ್ನಬಹುದು. ಆಗ ‘ಗಂಡನ್ನ ಬಿಟ್ಟು ಸಮುದ್ರ ದಾಟಿದೋಳು’ ಎಂದು ಊರು ಅವಳನ್ನು ಆಡಿಕೊಳ್ಳುತ್ತದೆ, ಅವಳೇ ಒಲ್ಲೆನೆನ್ನುತ್ತಾಳೆ. ಯಾವ ಸುಳ್ಳು ಹೇಳಿದರೂ ತಮ್ಮ ಮಾನ ಉಳಿಯುತ್ತದೆ, ಅವಳ ಸಮುದ್ರ ಹೋಗುತ್ತದೆ. ನಿಜ ಹೇಳಿದರೆ ಮಾತ್ರ ಅವಳು ಹೋಗಬಹುದು. ನಿಜ ಹೇಳುವುದೆಂದರೆ ಮುನಿವೆಂಕಟಪ್ಪನವರಿಗೆ ಕೆಂಗೇರಿ ಕೆರೆಗಿಂತ ಆಳವಾದ ಜಾಗ.

ಮಾರನೆಯ ಬೆಳಿಗ್ಗೆ ಅಕ್ಕಯ್ಯಮ್ಮ ನೀರು ಸೇದುತ್ತಿದ್ದಳು. ಮುನಿವೆಂಕಟಪ್ಪನವರು ಎಂಟು ಮಾರು ದೂರದಲ್ಲಿ ನಿಂತರು.

“ಲೇ ಇವಳೇ.”

“ಏನು? ಕಾಫಿ ಅಲ್ಲೇ ಮುಚ್ಚಿಟ್ಟಿವ್ನಿ.”

“ಕಾಫಿ ಅಲ್ಲ. ನಂಗೆ...” ಬಾವಿಯ ಕಡೆಯಿಂದ ಮುಖ ತಿರುಗಿಸಿದರು. “ನಂಗೆ ನೀರ್ ಕಂಡ್ರೆ ಭಯ ಕಣೇ.”

ಅಕ್ಕಯ್ಯಮ್ಮ ಹಗ್ಗ ಬಿಡಲಿಲ್ಲ. ಬಿಂದಿಗೆ ಮೇಲೆ ಬಂತು, ಕಟ್ಟೆಯ ಮೇಲೆ ಕೂತಿತು. “ಅಷ್ಟೇನಾ? ನಾನೇನೋ ಅನ್ಕೊಂಡೆ. ಅದು ಗೊತ್ತಿರೋದೇ ಅಲ್ವಾ?”

“ಯಾರ್ ಹೇಳಿದ್ರು?”

“ಮೂವತ್ತು ವರ್ಷದಿಂದ ಗೆರೆ ಎಳೆದಂಗೆ ಅಲ್ಲೇ ನಿಂತ್ಕೋತೀರಿ. ಕಣ್ಣಿಲ್ವಾ ನಂಗೆ?”

“ಮತ್ತೆ ಲಂಕೆಗೆ ಅಂದಾಗ ಯಾಕ್ ಸುಮ್ನಿದ್ದೆ?”

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. “ನೀವೇ ಬರ್ತೀನಿ ಅಂದ್ರಂತೆ. ಧೈರ್ಯ ಬಂದೈತೇನೋ ಅನ್ಕೊಂಡೆ. ಹೋಗ್ಲಿ ಬಿಡಿ, ಇಬ್ರೂ ಬೇಡ.”

ಆ ‘ಬೇಡ’ ಎಷ್ಟು ಮೆತ್ತಗೆ ಬಂತೆಂದರೆ, ಮುನಿವೆಂಕಟಪ್ಪನವರು ಏನು ಮಾಡುತ್ತಿದ್ದೇನೆಂದು ತಿಳಿಯದೆ ಒಂದು ಮಾರು ಮುಂದಕ್ಕೆ ಬಂದರು.

“ಇಬ್ರೂ ಯಾಕ್ ಬೇಡ? ನೀನ್ ಹೋಗ್ಬಾ. ಯಶೋದಮ್ನೋರು ಜೊತೇಲಿ ಇರ್ತಾರಲ್ಲ.”

“ಊರೋರು ಏನಂದಾರು?”

“ಊರೋರ್ಗೆ ನಾನ್ ಹೇಳ್ತೀನಿ.”

ಆ ಸಂಜೆ ವಾಚನಾಲಯದಲ್ಲಿ ಪ್ರವಾಸದವರೆಲ್ಲ ಸೇರಿದ್ದರು. ಕುರುಬರಹಳ್ಳಿಯಿಂದಲೂ ಏಳೆಂಟು ಜನ ಗೌಡರಿಗೆ ಹಾರ ಹಾಕಲು ಬಂದಿದ್ದರು. ಹಾರ ಕೈಯಲ್ಲಿ ಹಿಡಿದು ನಾರಾಯಣಪ್ಪ ಮುಂದೆ ನಿಂತಿದ್ದ. ಮುನಿವೆಂಕಟಪ್ಪನವರು ಎದ್ದರು. ಕುಟ್ಟಲು ಕೊಡೆಯಿರಲಿಲ್ಲ. ಕೈ ಎಲ್ಲಿಡುವುದೆಂದು ತಿಳಿಯದೆ ಕೋಟಿನ ಗುಂಡಿ ಹಿಡಿದುಕೊಂಡರು.

“ನಾನು ಅವತ್ತು ಬರ್ತೀನಿ ಅಂದೆನಲ್ಲ. ಅದು ಹೊರಡ್ತೀನಿ ಅಂತ.”

ಯಾರಿಗೂ ಅರ್ಥವಾಗಲಿಲ್ಲ.

“ಮನೇಗೆ ಹೊಂಟಿದ್ದೆ. ನಿದ್ದೆ ಬಂದಿತ್ತು.”

ಪದ್ಮನಾಭರ ಪೆನ್ನು ಕೈಯಲ್ಲೇ ನಿಂತಿತು. “ಅಯ್ಯೋ ಗೌಡ್ರೇ! ಎರಡು ತಿಂಗಳಿಂದ? ನಾವು ಚಪ್ಪಾಳೆ ಹೊಡುದ್ವಲ್ಲ, ಆಗ್ಲೇ ಕೇಳ್ಬಾರ್ದಿತ್ತಾ?”

“ನಾನು ಎದ್ ಹೋದ್ರೆ ಹೊಡೀತೀರಾ ಅನ್ಕೊಂಡೆ.”

ಹಿಂದಿನ ಬೆಂಚಿನಲ್ಲಿ ನಗು ಸಿಡಿಯಿತು. ಅದು ಅಡಗುವವರೆಗೆ ಕಾಯದೆ ಅವರು ಉಳಿದದ್ದನ್ನೂ ಹೇಳಿಬಿಟ್ಟರು, ಕಾದರೆ ಹೇಳಲಾರೆನೆಂಬ ಭಯಕ್ಕೆ. “ನಂಗೆ ನೀರ್ ಕಂಡ್ರೆ ಭಯ. ಚಿಕ್ಕಂದಿನಿಂದ. ನಾನ್ ಬರೋದಿಲ್ಲ. ನಮ್ಮೋಳು ಬರ್ತಾಳೆ. ಭಯ ಇರೋದು ನಂಗೆ, ಅವಳ್ಗಲ್ಲ. ಇದ್ರಲ್ಲಿ ಅವಳ್ನ ಯಾರಾದ್ರೂ ಒಂದ್ ಮಾತಂದ್ರೆ ನಂಗೆ ಅಂದಂಗೆ.”

ನಗು ನಿಂತಿತು. ನಾರಾಯಣಪ್ಪ ಹಾರ ಹಿಡಿದು ಅತ್ತಿತ್ತ ನೋಡಿದ. ಬಾಗಿಲ ಹತ್ತಿರ ಕೂತಿದ್ದ ಯಶೋದಮ್ಮನವರು, “ಅದಕ್ಯಾಕಪ್ಪ ಇಷ್ಟೊಂದು ಬೆವರ್ತೀಯ? ನಮ್ ಯಜಮಾನ್ರು ಪೊಲೀಸ್ನಲ್ಲಿದ್ರು, ಹಲ್ಲಿ ಕಂಡ್ರೆ ಮಂಚ ಹತ್ತೋರು” ಅಂದರು. ಮತ್ತೆ ನಗು ಎದ್ದಿತು, ಈ ಸಲ ಬೇರೆ ಬಗೆಯದು. ಹಾರ ಅಕ್ಕಯ್ಯಮ್ಮನ ಪಾಲಾಯಿತು.

ಹೊರಡುವ ಸಂಜೆ ಸಿಟಿ ಸ್ಟೇಷನ್ನಿಗೆ ಮುನಿವೆಂಕಟಪ್ಪನವರೂ ಬಂದರು. ತಾವು ಹೋಗುತ್ತಿಲ್ಲ ಎಂಬ ನೆಮ್ಮದಿ ಬರಬೇಕಾಗಿತ್ತು. ಬಂದದ್ದು ಹಳೆಯ ಭಯವೇ, ಇನ್ನೊಬ್ಬರ ಮೈಯಲ್ಲಿ ಕೂತುಕೊಂಡು. ಕಿಟಕಿಯ ಒಳಗೆ ಕೂತವಳು ಸಮುದ್ರದ ಮೇಲೆ ಎರಡು ಗಂಟೆ ಇರುತ್ತಾಳೆ. ಹಗ್ಗವಿರುವುದಿಲ್ಲ, ಆಳು ಇರುವುದಿಲ್ಲ.

“ಅಂಚಿಗ್ ಹೋಗ್ಬೇಡ. ಕಂಬಿ ಹಿಡ್ಕೊ. ಬಗ್ಗಿ ನೋಡ್ಬೇಡ.”

“ಹೂಂ ಹೂಂ. ನೀರಿಗೆ ಪಕ್ಕದ್ಮನೆ ನೀಲಮ್ಮನಿಗೆ ಹೇಳಿವ್ನಿ, ದಿನಾ ಸೇದಿ ಕೊಡ್ತಾಳೆ.” ರೈಲು ಸಿಳ್ಳೆ ಹಾಕಿತು. ಅಕ್ಕಯ್ಯಮ್ಮ ಸಂಭ್ರಮದಲ್ಲಿ ಕಿಟಕಿಯಿಂದ ಕೈ ಬೀಸಿದಳು. “ಸರಿ, ನಾನ್ ಹೋಗ್ತೀನಿ ಕಣ್ರೀ!”

ಹೋಗ್ತೀನಿ.

ಸಾವಿನ ಮಾತು. ಗಾಡಿ ಚಲಿಸಿತು. ಮುನಿವೆಂಕಟಪ್ಪನವರು ಓಡಿದರು. ಕೋಟಿನ ತುದಿ ಹಾರುತ್ತಿತ್ತು, ಪೇಟ ಬಿಚ್ಚಿ ಬೆನ್ನಿಗೆ ಇಳಿದಿತ್ತು. ‘ಬರ್ತೀನಿ ಅನ್ನೇ’ ಎಂದು ಹೇಳಿಸಬೇಕು, ಅಷ್ಟೆ. ಆದರೆ ಏದುಸಿರಿನಲ್ಲಿ ‘ಅನ್ನೇ’ ಹೊರಡಲಿಲ್ಲ, ಅರ್ಧವೇ ಹೊರಟಿತು.

“ಬರ್ತೀನಿ! ಬರ್ತೀನಿ!”

“ಬರ್ತಾರಂತೆ! ಗೌಡ್ರು ಬರ್ತಾರಂತೆ!” ಪದ್ಮನಾಭರ ಕೂಗು. ಬಾಗಿಲಿನಿಂದ ನಾಲ್ಕು ಕೈಗಳು ಚಾಚಿ, ಪ್ರೀತಿಯಿಂದ, ಬಲವಾಗಿ, ಅವರನ್ನು ರಾಗಿ ಮೂಟೆಯಂತೆ ಎತ್ತಿ ಒಳಗೆ ಹಾಕಿಕೊಂಡವು.

ಉಸಿರು ಬಂದ ಮೇಲೆ ವಿಷಯ ತಿಳಿಸಿದರು. ಇಡೀ ಡಬ್ಬಿ ನಕ್ಕಿತು. ಅಕ್ಕಯ್ಯಮ್ಮ ಮಾತ್ರ ನಗಲಿಲ್ಲ. ಅವರ ಪೇಟವನ್ನು ಸುತ್ತಿ ಸರಿಮಾಡಿ ತಲೆಗಿಟ್ಟಳು. ಮುಂದಿನ ನಿಲ್ದಾಣ ದಂಡು ಸ್ಟೇಷನ್ ಬರುವವರೆಗೆ, ಹತ್ತು ನಿಮಿಷ, ಇಬ್ಬರೂ ಪಕ್ಕಪಕ್ಕ ಕೂತರು. ಮುನಿವೆಂಕಟಪ್ಪನವರು ಲಂಕೆಯ ದಾರಿಯಲ್ಲಿ ಮಾಡಿದ ಪ್ರವಾಸ ಅಷ್ಟು.

ಗಾಡಿ ನಿಂತಾಗ, “ಈಗ ಹೇಳು” ಅಂದರು.

“ಬರ್ತೀನಿ.”

“ಇನ್ನೊಂದ್ಸಲ.”

“ಬರ್ತೀನಿ ಕಣ್ರೀ. ಆಣೆಗೂ ಬರ್ತೀನಿ.”

ಇಳಿದು ಪ್ಲಾಟ್‌ಫಾರಮ್ಮಿನ ಮೇಲೆ ನಿಂತು, ಅಭ್ಯಾಸಬಲದಿಂದ, ಎಲ್ಲರಿಗೂ ಕೈ ಮುಗಿದರು. “ನಾನೂ ಬರ್...”

“ಬೇಡಿ ಸ್ವಾಮಿ!” ಎಂದು ಡಬ್ಬಿಯೆಲ್ಲ ಒಂದೇ ಕಂಠದಲ್ಲಿ ಕಿರುಚಿತು.

ಹದಿನೇಳನೆಯ ದಿನ ಅಕ್ಕಯ್ಯಮ್ಮ ಬಂದಳು, ಬಿಸಿಲಿಗೆ ಒಂದು ಸುತ್ತು ಕಪ್ಪಾಗಿ. ಆನೆಯ ಸುದ್ದಿ, ಟೀ ಬೆಟ್ಟದ ಸುದ್ದಿ ಆಮೇಲೆ ಹೇಳಿದಳು. ಮೊದಲು ಗಂಟು ಬಿಚ್ಚಿ ಒಂದು ಔಷಧಿಯ ಶೀಸೆ ತೆಗೆದಳು. ಅದರಲ್ಲಿ ಮುಕ್ಕಾಲು ನೀರು, ತಳದಲ್ಲಿ ಚಿಟಿಕೆ ಮರಳು.

“ಇದೇ ಕಣ್ರೀ ಸಮುದ್ರ. ನಿಮಗೇಂತ ಒಂದ್ಸಲ ಹೊತ್ಕೊಂಡ್ ಬಂದೆ.”

ಅಂದಿನಿಂದ ಬಡಾವಣೆಯ ಮನೆಗಳಲ್ಲಿ ಕಣ, ಹುಣಿಸೇಮರಗಳ ಜೊತೆಗೆ ಲಂಕೆಯ ಸಮುದ್ರವೂ ಸೇರಿತು. ಮುನಿವೆಂಕಟಪ್ಪನವರು ಹೊಸ ಕೊಡೆ ಕುಟ್ಟಿ, ಅಲೆಯ ಎತ್ತರ, ಹಡಗಿನ ಉದ್ದ, ಗಾಳಿಯ ರಭಸ ಎಲ್ಲವನ್ನೂ ವಿವರಿಸಿ, “ಬೇಕಾದ್ರೆ ಮನೇಗ್ ಬನ್ನಿ, ತೋರಿಸ್ತೀನಿ. ಸಮುದ್ರ ನಮ್ ಮನೇಲೇ ಐತೆ” ಅನ್ನುತ್ತಿದ್ದರು. ಜನ ಹೋಗುತ್ತಿದ್ದರು. ಶೀಸೆಯನ್ನು ಅಕ್ಕಯ್ಯಮ್ಮನೇ ಗೂಡಿನಿಂದ ಇಳಿಸಿ ಕೈಯಲ್ಲಿ ಹಿಡಿದು ತೋರಿಸುವಳು. ಮುನಿವೆಂಕಟಪ್ಪನವರು ಬಾಗಿಲ ಹತ್ತಿರ ನಿಂತು, “ಮುಚ್ಚಳ ಬಿಗಿಯಾಗೈತಾ ನೋಡ್ಕೊಳೇ” ಅನ್ನುವರು.